ಒಂದು ಅಂಕೆಯ ಅಂತರ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳಲು ಬಂದ ರೈತನನ್ನು ನೋಡಬೇಕು. ಕೊಂಬಿನ ಬಣ್ಣಕ್ಕಾಗಲಿ ಕೊರಳಿನ ಗೆಜ್ಜೆಗಾಗಲಿ ಅವನು ಮರುಳಾಗುವವನಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಗೊರಸನ್ನು ಎತ್ತಿ ನೋಡುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಬಡಕಲು ಮೈಯನ್ನು ಹಿಂಡಿ, ಹುಲ್ಲು ಹಾಕಿ ತುಂಬಿಸಬಹುದು. ಸವೆದ ಹಲ್ಲನ್ನು ಮತ್ತೆ ಹುಟ್ಟಿಸಲಾಗದು ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅದೇ ರೈತ, ಕಾಲೇಜು ಸೇರಿದ ಮಗಳಿಗೆ ಒಂದು ಲ್ಯಾಪ್‌ಟಾಪ್ ಕೊಡಿಸಲೆಂದು ಬೆಂಗಳೂರಿನ ಎಸ್.ಪಿ. ರಸ್ತೆಗೆ ಬಂದನೆನ್ನಿ. ಹೊಸದನ್ನು ಕೊಳ್ಳುವಷ್ಟು ಹಣ ಕೈಯಲ್ಲಿಲ್ಲ. ಬಳಸಿದ ಯಂತ್ರವನ್ನು ದುರಸ್ತಿಗೊಳಿಸಿ ಮಾರುವ ಅಂಗಡಿಯೊಂದರಲ್ಲಿ ಮೂರು ಕರಿಯ ಯಂತ್ರಗಳನ್ನು ಸಾಲಾಗಿ ಇಡುತ್ತಾರೆ: ಥಿಂಕ್‌ಪ್ಯಾಡ್ ಟಿ-470, ಟಿ-480, ಟಿ-490. ಮೂರೂ ಒಂದೇ ಬಸಿರಿನ ಮಕ್ಕಳಂತೆ ಕಾಣುತ್ತವೆ. ಬೆಲೆಗಳು ಮಾತ್ರ ಬೇರೆ. ಜಾತ್ರೆಯಲ್ಲಿ ಯಾರಿಗೂ ಸೋಲದ ಮನುಷ್ಯ ಇಲ್ಲಿ ಕೈಕಟ್ಟಿ ನಿಂತುಬಿಡುತ್ತಾನೆ. ಹಾಗೆ ನಿಲ್ಲಬೇಕಾದ ಕಾರಣವಿಲ್ಲ. ಅವನ ಜಾತ್ರೆಯ ವಿದ್ಯೆಯೇ ಇಲ್ಲಿಗೂ ಸಾಕು.

ಈ ಕರಿಯ ಯಂತ್ರಗಳ ವಂಶ ಸಾಮಾನ್ಯವಾದುದಲ್ಲ. ಅಮೆರಿಕೆಯ ಐಬಿಎಂ ಸಂಸ್ಥೆ 1992ರಲ್ಲಿ ಮೊದಲ ಥಿಂಕ್‌ಪ್ಯಾಡನ್ನು ಹೊರತಂದಿತು. ಅದಕ್ಕೆ ರೂಪ ಕೊಟ್ಟವರು ರಿಚರ್ಡ್ ಸಾಪರ್. ಜಪಾನೀಯರ ಕರಿಯ ಊಟದ ಡಬ್ಬಿಯೇ ಅದಕ್ಕೆ ಸ್ಫೂರ್ತಿಯೆಂಬ ಮಾತು ಪ್ರಸಿದ್ಧವಾಗಿದೆ. 2005ರಲ್ಲಿ ಐಬಿಎಂನ ಈ ವಿಭಾಗ ಚೀನದ ಲೆನೊವೊ ಸಂಸ್ಥೆಯ ಪಾಲಾಯಿತು. ದೊಡ್ಡ ಕಚೇರಿಗಳು ಇಂಥ ಯಂತ್ರಗಳನ್ನು ನೂರು, ಸಾವಿರದ ಲೆಕ್ಕದಲ್ಲಿ ಕೊಳ್ಳುತ್ತವೆ. ಇಲ್ಲವೆ ಗುತ್ತಿಗೆಗೆ ಪಡೆಯುತ್ತವೆ. ಮೂರು ನಾಲ್ಕು ವರ್ಷ ಕಳೆಯುತ್ತಲೇ ಅವನ್ನು ಒಟ್ಟಾಗಿ ಹೊರಹಾಕುತ್ತವೆ. ಹೀಗೆ ಹೊರಬಂದವು ಕೆಟ್ಟ ಯಂತ್ರಗಳೇ ಆಗಿರಬೇಕೆಂದಿಲ್ಲ. ಕಚೇರಿಯ ಅವಧಿ ಮುಗಿದವು, ಅಷ್ಟೆ. ಎಸ್.ಪಿ. ರಸ್ತೆಯಂಥ ಪೇಟೆಗಳ ವ್ಯಾಪಾರಕ್ಕೆ ಇವು ದೊಡ್ಡ ಆಸರೆ.

ಇನ್ನು ಮೂರು ಸಂಖ್ಯೆಗಳ ಮರ್ಮವನ್ನು ನೋಡೋಣ. ಟಿ-470 ಬಂದದ್ದು 2017ರಲ್ಲಿ, ಟಿ-480 2018ರಲ್ಲಿ, ಟಿ-490 2019ರಲ್ಲಿ. ಒಂದೊಂದಕ್ಕೂ ನಡುವೆ ಒಂದೇ ವರ್ಷ. ಆದರೆ ಮೊದಲನೆಯ ಹೆಜ್ಜೆಗೂ ಎರಡನೆಯ ಹೆಜ್ಜೆಗೂ ಅಜಗಜಾಂತರವಿದೆ.

ಟಿ-470ರ ಒಳಗಿರುವುದು ಇಂಟೆಲ್ ಸಂಸ್ಥೆಯ ಆರನೆಯ ಅಥವಾ ಏಳನೆಯ ಪೀಳಿಗೆಯ ಪ್ರೊಸೆಸರ್. ಅದಕ್ಕೆ ಕೋರ್‌ಗಳು ಎರಡು. ಟಿ-480ರಲ್ಲಿ ಸಾಮಾನ್ಯವಾಗಿ ದೊರೆಯುವ ಎಂಟನೆಯ ಪೀಳಿಗೆಯ ಐ5 ಪ್ರೊಸೆಸರಿಗೆ ಕೋರ್‌ಗಳು ನಾಲ್ಕು. ದುಡಿಯುವ ಕೈಗಳೇ ಇಮ್ಮಡಿಯಾದುವು ಎಂದಂತಾಯಿತು. ಇದಕ್ಕಿಂತಲೂ ಮುಖ್ಯವಾದುದು ಇನ್ನೊಂದಿದೆ. 2021ರಲ್ಲಿ ಬಂದ ವಿಂಡೋಸ್ 11, ಕೆಲವೇ ಅಪವಾದಗಳನ್ನು ಬಿಟ್ಟರೆ, ಇಂಟೆಲ್‌ನ ಎಂಟನೆಯ ಪೀಳಿಗೆಗಿಂತ ಹಿಂದಿನ ಪ್ರೊಸೆಸರುಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ವಿಂಡೋಸ್ 10ಕ್ಕೆ ಇದ್ದ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ರಂದು ಮುಗಿಯಿತು. ಎಂದರೆ, ಹೊರಗಿನಿಂದ ಒಂದೇ ಬಗೆಯಾಗಿ ಕಾಣುವ ಎರಡು ಯಂತ್ರಗಳಲ್ಲಿ ಒಂದರ ದಾರಿ ಮುಂದೆ ತೆರೆದಿದೆ, ಮತ್ತೊಂದರದು ಮುಚ್ಚಿದೆ.

ಇದನ್ನು ಗುರುತಿಸುವುದು ಹೇಗೆ? ಪ್ರೊಸೆಸರಿನ ನಾಲ್ಕಂಕಿಯ ಸಂಖ್ಯೆಯನ್ನು ಓದಬೇಕು. 7300 ಎಂದಿದ್ದರೆ ಏಳನೆಯ ಪೀಳಿಗೆ, 8350 ಎಂದಿದ್ದರೆ ಎಂಟನೆಯದು. ಆ ಮೊದಲ ಅಂಕೆಯೇ ಎತ್ತಿನ ಹಲ್ಲು. ಹೊರಗಿನ ಗುರುತೂ ಒಂದುಂಟು: ಟಿ-470ಕ್ಕೆ ಚಾರ್ಜರ್ ಸಿಕ್ಕಿಸಲು ಆಯತಾಕಾರದ ಪ್ರತ್ಯೇಕ ರಂಧ್ರವಿದೆ, ಟಿ-480 ಚಾರ್ಜಾಗುವುದು ಯುಎಸ್‌ಬಿ-ಸಿ ರಂಧ್ರದಿಂದ.

ಹಾಗಾದರೆ ಟಿ-490 ಇನ್ನೂ ಮೇಲಲ್ಲವೆ? ಅಂಕೆ ಏರಿದಂತೆ ಗುಣವೂ ಏರಬೇಕೆಂದು ತೋರುವುದು ಸಹಜ. ಆದರೆ ಟಿ-490ರ ಬಹುಪಾಲು ಯಂತ್ರಗಳಲ್ಲಿರುವುದೂ ಎಂಟನೆಯ ಪೀಳಿಗೆಯ ನಾಲ್ಕು ಕೋರ್‌ಗಳೇ. ದಿನದ ಕೆಲಸದಲ್ಲಿ ಹೇಳಿಕೊಳ್ಳುವಂಥ ಭೇದವಿಲ್ಲ. ಟಿ-490 ತೆಳ್ಳಗಿದೆ, ಹಗುರವಾಗಿದೆ; ದಿನವೂ ಬಸ್ಸಿನಲ್ಲಿ ಹೊತ್ತು ತಿರುಗುವವರಿಗೆ ಅದೂ ಒಂದು ಸುಖವೇ. ಆದರೆ ಆ ತೆಳುವಿಗೆ ಬೆಲೆ ತೆರಬೇಕು. ಟಿ-480ರಲ್ಲಿ ರ‍್ಯಾಮ್ ಕೂರಿಸಲು ಎರಡು ಬಿಡಿ ಜಾಗಗಳಿವೆ. ಟಿ-490ರಲ್ಲಿ ಒಂದು ಪಾಲನ್ನು ಮದರ್‌ಬೋರ್ಡಿಗೆ ಬೆಸುಗೆ ಹಾಕಿಬಿಟ್ಟಿದ್ದಾರೆ, ಉಳಿದಿರುವ ಜಾಗ ಒಂದೇ. ಟಿ-480ಕ್ಕೆ ಒಳಗೊಂದು, ಹಿಂಭಾಗದಲ್ಲೊಂದು ಹೀಗೆ ಎರಡು ಬ್ಯಾಟರಿಗಳು. ಹಿಂದಿನದನ್ನು ಸಲಕರಣೆಯಿಲ್ಲದೆ ಕೈಯಿಂದಲೇ ತೆಗೆದು ಹೊಸದನ್ನು ಹಾಕಬಹುದು. ಟಿ-490ರದು ಒಳಗೆ ಅಡಗಿದ ಒಂದೇ ಬ್ಯಾಟರಿ. ಅಂಕೆಯ ಹಿಂದೆ ‘ಎಸ್’ ಎಂಬ ಅಕ್ಷರ ಸೇರಿ ಟಿ-480ಎಸ್ ಆದರೆ ಅದು ಬೇರೆಯೇ ಯಂತ್ರ: ತೆಳ್ಳಗಿನದು, ರ‍್ಯಾಮಿನ ಒಂದು ಪಾಲು ಬೆಸುಗೆಯದು, ಹೊರಬ್ಯಾಟರಿ ಇಲ್ಲದ್ದು.

ಇಷ್ಟರಿಂದ ಒಂದು ಸೂತ್ರ ಹೊರಡುತ್ತದೆ. ಮುಂದೆ ಬದಲಿಸಬಹುದಾದುದು ಯಾವುದು, ಬದಲಿಸಲಾಗದ್ದು ಯಾವುದು ಎಂಬುದನ್ನು ಮೊದಲು ಬೇರ್ಪಡಿಸಬೇಕು. ರ‍್ಯಾಮ್ ಕಡಿಮೆಯಿದ್ದರೆ ಟಿ-480ರಲ್ಲಿ ಮುಂದಿನ ವರ್ಷ ಸೇರಿಸಬಹುದು. ಎಸ್‌ಎಸ್‌ಡಿ ಚಿಕ್ಕದಾದರೆ ದೊಡ್ಡದನ್ನು ಹಾಕಬಹುದು. ಬ್ಯಾಟರಿ ಸೊರಗಿದ್ದರೆ ಹೊಸದನ್ನು ತರಬಹುದು. ಪ್ರೊಸೆಸರ್ ಬದಲಾಗದು. ಬೆಸುಗೆ ಬಿಟ್ಟುಕೊಡದು. ಆದ್ದರಿಂದ ಹಣ ಕೊಡಬೇಕಾದದ್ದು ಬದಲಾಗದ ಗುಣಕ್ಕೆ. ಚೌಕಾಸಿ ಮಾಡಬೇಕಾದದ್ದು ಬದಲಾಗುವ ಕೊರತೆಗೆ. ‘ರ‍್ಯಾಮ್ ಹದಿನಾರು ಜಿಬಿ ಇದೆ, ಬೆಲೆಯೂ ಕಡಿಮೆ’ ಎಂದು ಟಿ-470ನ್ನು ಮುಂದೆ ತಳ್ಳಿದರೆ, ಅದು ಕೊಂಬಿನ ಬಣ್ಣವೆಂದು ತಿಳಿಯಬೇಕು.

ಆದರೆ ಮಾದರಿಯನ್ನು ಆರಿಸಿದಲ್ಲಿಗೆ ಕೆಲಸ ಮುಗಿಯಲಿಲ್ಲ. ತಳಿ ಒಳ್ಳೆಯದೆಂದ ಮಾತ್ರಕ್ಕೆ ಕಟ್ಟಿದ ಎತ್ತೆಲ್ಲ ಒಳ್ಳೆಯದಾಗುವುದೆ? ಟಿ-480ರಲ್ಲಿಯೇ 1366ಕ್ಕೆ 768 ಚುಕ್ಕಿಗಳ ಮಂಕು ಪರದೆಯೂ ಉಂಟು, 1920ಕ್ಕೆ 1080ರ ಸ್ಪಷ್ಟ ಪರದೆಯೂ ಉಂಟು. ಎರಡು ಗಂಟೆ ಓದುವ ಕಣ್ಣಿಗೆ ಈ ಭೇದ ಚೆನ್ನಾಗಿ ಗೊತ್ತಾಗುತ್ತದೆ. ಬ್ಯಾಟರಿಯ ಸ್ಥಿತಿಯನ್ನು ವಿಂಡೋಸ್ ಕೊಡುವ ಬ್ಯಾಟರಿ ವರದಿಯಲ್ಲಿ ನೋಡಬೇಕು. ಹುಟ್ಟಿದಾಗಿನ ಶಕ್ತಿ, ಈಗಿನ ಶಕ್ತಿ ಎರಡನ್ನೂ ಅದು ಬರೆದು ತೋರಿಸುತ್ತದೆ. 24 ವ್ಯಾಟ್-ಅವರ್ ಇದ್ದದ್ದು 12ಕ್ಕೆ ಇಳಿದಿದ್ದರೆ ಅರ್ಧ ಆಯುಷ್ಯ ತೀರಿತೆಂದೇ ಅರ್ಥ. ಟಿ-480ರ ಎರಡು ಯುಎಸ್‌ಬಿ-ಸಿ ರಂಧ್ರಗಳಲ್ಲಿಯೂ ಚಾರ್ಜರ್ ಸಿಕ್ಕಿಸಿ ನೋಡಬೇಕು. ಕೀಲಿಮಣೆಯ ಒಂದೊಂದು ಕೀಲಿಯನ್ನೂ ಒತ್ತಿ ನೋಡಬೇಕು.

ಎಲ್ಲಕ್ಕಿಂತ ಮೊದಲು ಮಾಡಬೇಕಾದ ಪರೀಕ್ಷೆಯೊಂದಿದೆ. ಯಂತ್ರ ಏಳುವಾಗ ಎಫ್-1 ಕೀಲಿಯನ್ನೊತ್ತಿ ಬಯಾಸ್‌ನ ಒಳಹೊಕ್ಕು ನೋಡಬೇಕು. ಹಳೆಯ ಕಚೇರಿ ಇಟ್ಟ ಗುಪ್ತಪದವನ್ನು ಅದು ಕೇಳಿತೋ, ಅಂಗಡಿಯವರಿಗೂ ಅದು ತಿಳಿಯದೋ, ಆ ಯಂತ್ರವನ್ನು ಅಲ್ಲಿಯೇ ಬಿಟ್ಟು ಬರುವುದು ಲೇಸು. ಮರೆತ ಈ ಬೀಗಕ್ಕೆ ತಯಾರಕರು ಹೇಳುವ ಪರಿಹಾರ ಮದರ್‌ಬೋರ್ಡನ್ನೇ ಬದಲಿಸುವುದು. ಅಷ್ಟು ಹಣವಿದ್ದರೆ ಹಳೆಯದನ್ನು ಕೊಳ್ಳುವವರಾರು?

ಟಿ-470 ಹಾಗಾದರೆ ಯಾರಿಗೂ ಬೇಡವೆ? ಹಾಗೇನಿಲ್ಲ. ಲಿನಕ್ಸ್ ಹಾಕಿಕೊಂಡು ಓದು ಬರಹ ನಡೆಸುವವರಿಗೆ, ಕನ್ನಡದಲ್ಲಿ ಟೈಪು ಮಾಡುವವರಿಗೆ ಅದು ಇಂದಿಗೂ ನಂಬಿಕೆಯ ಆಳು. ಆದರೆ ಅದನ್ನು ಅದರ ಬೆಲೆಗೆ, ಅದೆಂದು ತಿಳಿದೇ ಕೊಳ್ಳಬೇಕು. ಕಾಲೇಜಿನ ಪಾಠಕ್ಕೆ ವಿಂಡೋಸಿನಲ್ಲಿ ಮಾತ್ರ ನಡೆಯುವ ತಂತ್ರಾಂಶ ಬೇಕೆಂದಾದರೆ ಹಣ ಉಳಿಯಿತೆಂಬ ಸಂತೋಷ ಹೆಚ್ಚು ದಿನ ಬಾಳದು. ಎರಡನೆಯ ಸಲ ಕೊಡಿಸುವ ಶಕ್ತಿ ತಂದೆಗೆ ಇರುವುದಿಲ್ಲ. ‘ನಡೆಯುತ್ತಿಲ್ಲ’ ಎಂದು ಹೇಳುವ ಮನಸ್ಸು ಮಗಳಿಗೆ ಬಾರದು.

ಆದ್ದರಿಂದ ಅಂಗಡಿಯ ಮುಂದೆ ಇಬ್ಬರೂ ಅವಸರಪಡದೆ ನಿಲ್ಲಲಿ. ಮಗಳು ಪರದೆಯ ಮೇಲಿನ ಅಂಕೆಗಳನ್ನು ಗಟ್ಟಿಯಾಗಿ ಓದಲಿ. ತಂದೆ, ಜಾತ್ರೆಯಲ್ಲಿ ಕೇಳುವಂತೆಯೇ, ಒಂದೊಂದಕ್ಕೂ ‘ಇದು ಮುಂದೆ ಬದಲಾಗುತ್ತದೆಯೋ ಇಲ್ಲವೋ?’ ಎಂದು ಕೇಳಲಿ. ಉತ್ತರ ಸಿಕ್ಕ ಮೇಲೆ ಕೈ ಕಿಸೆಗೆ ಹೋಗಲಿ.