ಬೆಳಕಿಗೆ ದಾರಿ ಕೊರೆದ ಲೇಸರ್

1897–98ರ ಚಳಿಗಾಲ. ಮ್ಯೂನಿಕ್‌ನಲ್ಲಿ ಆಸ್ಕರ್ ರಾಬ್ ಎಂಬ ವೈದ್ಯಕೀಯ ವಿದ್ಯಾರ್ಥಿ ಅಕ್ರಿಡಿನ್ ಎಂಬ ಬಣ್ಣ ಬೆರೆಸಿದ ನೀರಿನಲ್ಲಿ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಗಳು ಎಷ್ಟು ಹೊತ್ತಿಗೆ ಸಾಯುತ್ತವೆಂದು ಅಳೆಯುತ್ತಿದ್ದ. ದ್ರಾವಣ ಅದೇ, ಜೀವಿಗಳೂ ಅವೇ. ಆದರೂ ಒಂದು ದಿನದ ಲೆಕ್ಕಕ್ಕೂ ಇನ್ನೊಂದು ದಿನದ್ದಕ್ಕೂ ತಾಳೆಯೇ ಇಲ್ಲ. ಬೇರೆಯವರಾಗಿದ್ದರೆ ಸರಾಸರಿ ತೆಗೆದು ಮುಂದೆ ಹೋಗುತ್ತಿದ್ದರು. ರಾಬ್ ಮಾತ್ರ ಕಾರಣ ಹುಡುಕಿದ. ಗುಡುಗು ಮಳೆಯ ಮೋಡ ಕವಿದು ಕೋಣೆ ಮಂಕಾಗಿದ್ದ ದಿನ ಜೀವಿಗಳು ಹೆಚ್ಚು ಹೊತ್ತು ಬದುಕಿದ್ದವು! ಬಣ್ಣವೊಂದೇ ಇದ್ದರೆ ಅವು ಉಳಿಯುತ್ತವೆ, ಬೆಳಕೊಂದೇ ಬಿದ್ದರೂ ಉಳಿಯುತ್ತವೆ. ಎರಡೂ ಕೂಡಿದರೆ ಸಾಯುತ್ತವೆ. ಗುರು ಹರ್ಮನ್ ಫಾನ್ ಟಾಪೈನರ್ ಇದರ ಬೆಲೆ ಅರಿತರು. 1903ರಲ್ಲಿ ಚರ್ಮವೈದ್ಯ ಯೆಸಿಯೊನೆಕ್ ಜೊತೆಗೂಡಿ ಚರ್ಮದ ಗಡ್ಡೆಗಳಿಗೆ ಇಯೊಸಿನ್ ಎಂಬ ಬಣ್ಣ ಹಚ್ಚಿ ಬೆಳಕಿಗೆ ಒಡ್ಡಿದರು.

ಆ ಮೇಲೆ ಸಾಗಿದ್ದು ನಿಧಾನದ ದಾರಿ. ರಕ್ತನಾಳಕ್ಕೆ ಚುಚ್ಚುವ, ಬೆಳಕಿಗೆ ಸ್ಪಂದಿಸುವ ಪಾರ್ಫಿರಿನ್ ಔಷಧಿಗಳು ಬಂದವು. ಆದರೆ ಅವನ್ನು ಪಡೆದವರು ವಾರಗಟ್ಟಲೆ ಬಿಸಿಲಿನಿಂದ ಅಡಗಿರಬೇಕಾಗುತ್ತಿತ್ತು. 1990ರಲ್ಲಿ ಕೆನಡಾದ ಕಿಂಗ್‌ಸ್ಟನ್‌ನ ಸಂಶೋಧಕರಾದ ಕೆನಡಿ, ಪಾಟಿಯರ್ ಮತ್ತು ಪ್ರಾಸ್ ಇಡೀ ಯೋಚನೆಯನ್ನೇ ತಿರುಗಿಸಿದರು. ಬೆಳಕಿಗೆ ಸ್ಪಂದಿಸುವ ವಸ್ತುವನ್ನು ಹೊರಗಿನಿಂದ ಕೊಡುವುದೇಕೆ, ಜೀವಕೋಶವೇ ತಯಾರಿಸಲಿ! ರಕ್ತದ ಹೀಮ್ ತಯಾರಾಗುವುದಕ್ಕೆ ಬೇಕಾದ ಕಚ್ಚಾವಸ್ತು ಅಮೈನೊಲೆವುಲಿನಿಕ್ ಆಮ್ಲ. ಅದನ್ನು ಚರ್ಮಕ್ಕೆ ಲೇಪಿಸಿದರೆ ಕೆಟ್ಟ ಕೋಶಗಳಲ್ಲಿ ಪ್ರೊಟೊಪಾರ್ಫಿರಿನ್ ಎಂಬ ಅಂಥ ವಸ್ತು ಹೆಚ್ಚಾಗಿ ಶೇಖರವಾಗುತ್ತದೆ. ಅದರ ಮೇಲೆ ಬೆಳಕು ಬಿದ್ದಾಗ ಕೋಶದೊಳಗಿನ ಆಮ್ಲಜನಕವೇ ವಿಷವಾಗಿ ಕೋಶವನ್ನು ಕೊಲ್ಲುತ್ತದೆ. 1999ರ ಕೊನೆಗೆ ಅಮೆರಿಕ ಈ ಲೇಪಕ್ಕೆ ಅನುಮತಿ ನೀಡಿತು.

ಅನುಮತಿ ಸಿಕ್ಕಿದ್ದು ಆಕ್ಟಿನಿಕ್ ಕೆರಟೋಸಿಸ್‌ಗೆ. ವರ್ಷಾನುಗಟ್ಟಲೆ ಬಿಸಿಲುಂಡ ಹಣೆ, ಕೆನ್ನೆ, ಬೋಳುತಲೆಗಳಲ್ಲಿ ಮರಳುಕಾಗದದಂತೆ ಒರಟಾಗಿ ಏಳುವ ಕಲೆಗಳಿವು. ಕೆಲವು ಮುಂದೆ ಕ್ಯಾನ್ಸರ್ ಆಗಬಲ್ಲವು. ನಮ್ಮಂಥ ಕಂದು ಚರ್ಮದವರಿಗೆ ಅಪರೂಪ, ಬಿಳಿಯರಿಗೆ ಬಹಳ. ಕಲೆ ತೆಳುವಾಗಿದ್ದರೆ ಲೇಪ ಚೆನ್ನಾಗಿ ಕೆಲಸ ಮಾಡುತ್ತಿತ್ತು, ದಪ್ಪನೆಯವು ಜಗ್ಗುತ್ತಿರಲಿಲ್ಲ. ಚರ್ಮದ ಹೊರಪದರ ಸತ್ತ ಕೋಶಗಳದ್ದಾದರೂ ಗಟ್ಟಿ ಕಾವಲುಗಾರ, ಔಷಧಿಯನ್ನು ಒಳಗೆ ಬಿಡದು.

ಕಾವಲು ಮುರಿಯುವ ಉಪಕರಣ ಬೇರೊಂದು ಕವಲಿನಲ್ಲಿ ಬೆಳೆಯುತ್ತಿತ್ತು. ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್ 1964ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕಾರ್ಬನ್ ಡೈಆಕ್ಸೈಡ್ ಲೇಸರ್ ರೂಪಿಸಿದ್ದರು. ಅದರ ಕಿರಣವನ್ನು ಚರ್ಮದಲ್ಲಿರುವ ನೀರು ಹೀರಿಕೊಳ್ಳುವುದರಿಂದ ಚರ್ಮ ಆವಿಯಾಗುತ್ತದೆ. 2004ರಲ್ಲಿ ಡೀಟರ್ ಮನ್‌ಸ್ಟೈನ್ ಮತ್ತು ರಾಕ್ಸ್ ಆಂಡರ್ಸನ್ ತಂಡ ಬೇರೊಂದು ಲೇಸರಿನಿಂದ, ಮುಖವನ್ನೆಲ್ಲ ಸುಡದೆ ಸೂಕ್ಷ್ಮ ಚುಕ್ಕಿಗಳಲ್ಲಷ್ಟೇ ಗಾಯ ಮಾಡಿ ನಡುವಿನ ಚರ್ಮವನ್ನು ಉಳಿಸುವ ವಿಧಾನ ತೋರಿಸಿತು. ನಡುವೆ ಉಳಿದ ಆರೋಗ್ಯವಂತ ಚರ್ಮದಿಂದಲೇ ಗಾಯ ಬೇಗ ಮಾಯುತ್ತಿತ್ತು. ಅವರಿಗೆ ಬೇಕಾದದ್ದು ಸುಕ್ಕಿನ ಚಿಕಿತ್ಸೆ. ಕೋಪನ್‌ಹೇಗನ್‌ನ ಚರ್ಮವೈದ್ಯೆ ಮೆರೆಟೆ ಹೇಡರ್ಸ್‌ಡಾಲ್ ಕಂಡದ್ದು ಬೇರೆಯೇ: ಇಂಥ ಚುಕ್ಕಿಗಳನ್ನು ಕಾರ್ಬನ್ ಡೈಆಕ್ಸೈಡ್ ಲೇಸರಿನಿಂದ ರಂಧ್ರಗಳಾಗಿ ಕೊರೆದರೆ ಅವು ಔಷಧಿಗೆ ದಾರಿಯಾಗಬಾರದೇಕೆ? ನನ್ನ ಮಟ್ಟಿಗೆ ಇಡೀ ಕತೆಯ ತಿರುವು ಇದೇ. 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆಂಡರ್ಸನ್ ತಂಡದೊಂದಿಗೆ ಹಂದಿಗಳ ಚರ್ಮದಲ್ಲಿ ಅವರು ಸುಮಾರು 1.8 ಮಿಲಿಮೀಟರ್ ಆಳದ ರಂಧ್ರಗಳನ್ನು ಕೊರೆದು ಅದೇ ಬಗೆಯ ಲೇಪ ಹಚ್ಚಿದರು. ಲೇಪವೊಂದೇ ಮುಟ್ಟಲಾರದ ಆಳದಲ್ಲೂ ಪಾರ್ಫಿರಿನ್ ಕೆಂಪಗೆ ಹೊಳೆಯಿತು.

2012ರಲ್ಲಿ ಡೆನ್ಮಾರ್ಕ್‌ನ 15 ರೋಗಿಗಳಲ್ಲಿ ಲೇಸರ್ ಇರುವ, ಇಲ್ಲದ ಚಿಕಿತ್ಸೆಗಳ ಹೋಲಿಕೆ ಪ್ರಕಟವಾಯಿತು. ದಪ್ಪನೆಯ ಕಲೆಗಳಲ್ಲಿ ಲೇಪ, ಬೆಳಕಿನ ಜೊತೆ ಲೇಸರ್ ಇದ್ದಾಗ ಶೇಕಡಾ 88 ಮಾಯವಾದವು. ಲೇಸರಿಲ್ಲದೆ ಬೆಳಕಿನ ಚಿಕಿತ್ಸೆಯಿಂದ 59. ಲೇಸರ್ ಬಳಸಿದ ಕಡೆ ನೋವು, ಹೊಪ್ಪಳೆಯೂ ಹೆಚ್ಚು ಇದ್ದವು, ಅದನ್ನು ಮರೆಯುವಂತಿಲ್ಲ. ಬದಲಿ ಅಂಗ ಪಡೆದು ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಇಂಥ ಕಲೆಗಳು ಮತ್ತೆ ಮತ್ತೆ ಬರುತ್ತವೆ. ಹಾಗಾಗಿ ಮುಂದಿನ ಪ್ರಯೋಗ ಅವರ ಮೇಲೆ, ಅದೂ ದೀಪದ ಬದಲು ಹಗಲಿನ ಬೆಳಕಿನಲ್ಲಿ. 2015ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಲೇಸರ್, ಲೇಪ ಮತ್ತು ಹಗಲುಬೆಳಕು ಕೂಡಿದಾಗ ಶೇಕಡಾ 74 ಕಲೆಗಳು ಹೋಗಿದ್ದವು. ಲೇಸರಿಲ್ಲದೆ ಹಗಲುಬೆಳಕಿನಿಂದ 46. ಲೇಸರ್ ಒಂದರಿಂದಲೇ ಹೋದದ್ದು ಬರೀ 5.