ಬಾವಿಯ ನೀರನ್ನು ಮೇಲೆತ್ತುವ ಕೆಲಸದ ಲೆಕ್ಕ

ನೀರೆತ್ತುವ ಸಾಧನವು ಯಾವುದೇ ಆಗಿರಲಿ, ನೀರಿನ ಮೇಲೆ ನಡೆಯತಕ್ಕ ಕೆಲಸವು ಎರಡೇ ಸಂಗತಿಗಳನ್ನು ಅವಲಂಬಿಸಿರುವುದು: ನೀರಿನ ತೂಕ ಮತ್ತು ಅದು ಏರಬೇಕಾದ ನೆಟ್ಟನೆಯ ಎತ್ತರ. ಒಂದು ಕಿಲೋಗ್ರಾಂ ತೂಕವನ್ನು ಭೂಮಿಯ ಆಕರ್ಷಣೆಗೆ ವಿರೋಧವಾಗಿ ಒಂದು ಮೀಟರು ಎತ್ತುವುದಕ್ಕೆ 9.8 ಜೂಲು ಕೆಲಸವಾಗುವುದು. ಒಂದು ಲೀಟರು ನೀರು ಹೆಚ್ಚು ಕಡಿಮೆ ಒಂದು ಕಿಲೋಗ್ರಾಂ ತೂಗುವುದರಿಂದ, ಲೀಟರುಗಳನ್ನು ಮೀಟರುಗಳಿಂದ ಗುಣಿಸಿ, ಬಂದುದನ್ನು ಪುನಃ 9.8ರಿಂದ ಗುಣಿಸಿದರೆ ಸಾಕು.

ಹಿಂದೆ ನಮ್ಮ ಬಯಲುಸೀಮೆಯಲ್ಲಿ ಸರ್ವಸಾಧಾರಣವಾಗಿದ್ದ ಕಪಿಲೆಯನ್ನು ನೋಡೋಣ. ತೊಗಲಿನ ಚೀಲದಲ್ಲಿ 120 ಲೀಟರು ನೀರು ಹಿಡಿಯುವುದೆಂದೂ, ನೀರು 10 ಮೀಟರು ಆಳದಲ್ಲಿದೆಯೆಂದೂ ಇಟ್ಟುಕೊಂಡರೆ, ಒಂದು ಸಲದ ಎಳೆತಕ್ಕೆ 11,760 ಜೂಲು ಆಗುವುದು. ಎತ್ತುಗಳು ಇಳಿಜಾರಿನಲ್ಲಿ ನಡೆಯುವುದರಿಂದ ಕೆಲಸವೇ ಕಡಿಮೆಯಾಗುವುದೆಂದು ಕೆಲವರು ಹೇಳುವುದುಂಟು. ಅದು ಸರಿಯಲ್ಲ. 600 ಕಿಲೋಗ್ರಾಂ ತೂಗುವ ಜೋಡಿಯು 1.5 ಮೀಟರು ಇಳಿದಾಗ ಅದರ ಮೈಭಾರದಿಂದ 8,820 ಜೂಲು ಒದಗುವುದು ನಿಜ. ಆದರೆ ಹಿಂದಕ್ಕೆ ಏರುವಾಗ ಅಷ್ಟನ್ನೂ ಆ ಮೂಕಪ್ರಾಣಿಗಳೇ ತೀರಿಸಬೇಕು. ಎಳೆಯುವಾಗಿನ ಬಿಗುವು ತಗ್ಗುವುದೇ ಇಳಿಜಾರಿನ ಪ್ರಯೋಜನ. ಏತದ ಹಿಂತುದಿಗೆ ಕಟ್ಟುವ ಕಲ್ಲಿನ ವಿಷಯವೂ ಹೀಗೆಯೇ.

ಒಂದು ಎಕರೆಗೆ 5 ಸೆಂಟಿಮೀಟರು ನೀರು ನಿಲ್ಲಿಸುವುದಕ್ಕೆ ಸುಮಾರು 2,02,000 ಲೀಟರು ಬೇಕು. ಮೇಲೆ ಹೇಳಿದ ಕಪಿಲೆಯಲ್ಲಿ ಇದು ಸುಮಾರು 1,680 ಎಳೆತ; ನಿಮಿಷಕ್ಕೊಂದರಂತೆ ಎಡೆಬಿಡದೆ ಎಳೆದರೂ 28 ಗಂಟೆ. ಚೀಲವು ಸೋರಿದರೆ ಇನ್ನೂ ಹೆಚ್ಚು. ಇದೇ ಕೆಲಸವು ವಿದ್ಯುತ್ತಿನ ಲೆಕ್ಕದಲ್ಲಿ 5.5 ಯೂನಿಟ್ಟು ಮಾತ್ರ. ಒಂದು ಯೂನಿಟ್ಟೆಂದರೆ 36 ಲಕ್ಷ ಜೂಲು. ಆದರೆ ಮೋಟಾರು, ಪಂಪು, ಕೊಳವೆಗಳಲ್ಲಿ ಆಗುವ ನಷ್ಟವನ್ನು ಕಳೆದು ನೂರಕ್ಕೆ 40 ಪಾಲು ಉಳಿಯುವುದೆಂದರೆ, ಮೀಟರಿನಲ್ಲಿ ಸುಮಾರು 14 ಯೂನಿಟ್ಟು ಓಡುವುದು. ಕೊಳವೆಬಾವಿಯಲ್ಲಿ ನೀರು 100 ಮೀಟರಿಗೆ ಇಳಿದಿದ್ದರೆ ಅದೇ ಎಕರೆಗೆ, ಅದೇ ನೀರಿಗೆ, ಸುಮಾರು 138 ಯೂನಿಟ್ಟು. ಬೆಳೆಯು ಒಂದು ಕಾಳನ್ನೂ ಹೆಚ್ಚು ಕೊಡುವುದಿಲ್ಲ. ಆದಕಾರಣ ಆಳದ ನೀರಿನಿಂದ ಬೇಸಾಯ ಮಾಡುವವರು ಪೈರನ್ನು ಆರಿಸುವಾಗಲೇ ಈ ಲೆಕ್ಕವನ್ನು ಹಾಕತಕ್ಕದ್ದು.

ಎತ್ತರವನ್ನು ಅಳೆಯಬೇಕಾದುದು ಬಾವಿಯ ತಳದಿಂದಲ್ಲ, ಪಂಪು ನಡೆಯುತ್ತಿರುವಾಗ ನೀರು ಇಳಿದು ನಿಲ್ಲುವ ಮಟ್ಟದಿಂದ ಕೊಳವೆಯ ಬಾಯಿಯವರೆಗೆ. ಅನೇಕರು ಕೊಳವೆಯ ಬಾಯನ್ನು ಕಾಲುವೆಯಿಂದ ಆಳೆತ್ತರ ಮೇಲಕ್ಕೆ ತಿರುಗಿಸಿ, ನೀರು ಧುಮುಕುವುದನ್ನು ನೋಡಿ ಸಂತೋಷಪಡುತ್ತಾರೆ. 10 ಮೀಟರಿನ ಬಾವಿಯಲ್ಲಿ ಬಾಯಿಯು ಬೇಕಾದುದಕ್ಕಿಂತ 2 ಮೀಟರು ಮೇಲಿದ್ದರೆ ಐದನೆಯ ಒಂದು ಪಾಲು ಕೆಲಸವು ಹೆಚ್ಚುವರಿಯಾಗಿ ವ್ಯರ್ಥವಾಗುವುದು. ಧುಮುಕುವ ನೀರು ಕಾಲುವೆಯ ಮಣ್ಣನ್ನೂ ಕೊರೆಯುವುದು. ಕೊಳವೆಯನ್ನು ಕತ್ತರಿಸಿ ಬಾಯನ್ನು ತೊಟ್ಟಿಯ ಅಂಚಿಗೆ ಇಳಿಸುವುದು ಅರ್ಧ ದಿನದ ಕೆಲಸ.