ಗೃಹಸ್ಥರೂ ವಾಕ್ಚಿತ್ರಗಳೂ

ಕನ್ನಡದ ಮೊದಲನೆಯ ವಾಕ್ಚಿತ್ರವಾದ "ಸತಿ ಸುಲೋಚನ"ವು 1934ನೆಯ ಇಸವಿಯಲ್ಲಿ ತೆರೆಯನ್ನು ಕಂಡಿತು. ಅಂದು ಚಿತ್ರವನ್ನು ನೋಡಬಯಸಿದವನು ಪೇಟೆಯ ಚಿತ್ರಮಂದಿರಕ್ಕೋ ಊರ ಹೊರಗಣ ಡೇರೆಗೋ ಹೋಗಿ, ಹತ್ತು ಜನರ ನಡುವೆ ಕುಳಿತು ನೋಡಬೇಕಾಗಿದ್ದಿತು. ಈಗಲಾದರೋ ಚಿತ್ರವೇ ಮನೆಗೆ ಬರುತ್ತದೆ. ಚಿಂತಾಮಣಿ ತಾಲ್ಲೂಕಿನ ನಮ್ಮ ಕೆಂಚಾರ್ಲಹಳ್ಳಿಯಂತಹ ಊರಿನಲ್ಲಿಯೂ ಟೆಲಿವಿಷನ್ನು ಮೊಬೈಲುಗಳಿಲ್ಲದ ಮನೆ ವಿರಳ. ಆದುದರಿಂದ ಹಿಂದೆ ಡೇರೆಯ ಯಜಮಾನನದಾಗಿದ್ದ ಆಯ್ಕೆಯ ಭಾರವು ಇಂದು ಗೃಹಸ್ಥನ ಹೆಗಲ ಮೇಲೆ ಬಿದ್ದಿದೆ. ಹಿರಿಯರೂ ಕಿರಿಯರೂ ಒಟ್ಟಿಗೆ ಕುಳಿತು ನೋಡತಕ್ಕ ಚಿತ್ರ ಯಾವುದು? ಈಚೆಗೆ ನಾವು ಕಂಡ ಕೆಲವು ಹಳೆಯ ಹೊಸ ಚಿತ್ರಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಮಾಡೋಣ.

ಹಳೆಯದೆಲ್ಲ ಒಳ್ಳೆಯದು, ಹೊಸದೆಲ್ಲ ಕೆಟ್ಟದ್ದು ಎಂಬುದು ನಮ್ಮ ವಯಸ್ಸಿನವರ ಸಾಮಾನ್ಯವಾದ ತೀರ್ಪು. ಕಾಳಿದಾಸನ ಕಾಲದಲ್ಲಿಯೂ ಇಂತಹ ತೀರ್ಪುಗಾರರಿದ್ದರೆಂಬುದು "ಮಾಲವಿಕಾಗ್ನಿಮಿತ್ರ"ದ ಪ್ರಸ್ತಾವನೆಯಿಂದ ತಿಳಿಯುತ್ತದೆ. ಆ ಮಹಾಕವಿ ಅದನ್ನು ಒಪ್ಪಲಿಲ್ಲ, ನಾವೂ ಒಪ್ಪುವುದಿಲ್ಲ. ಆಲಂಕಾರಿಕರು ಕಾವ್ಯಕ್ಕೆ ಹೇಳಿದ ಔಚಿತ್ಯ, ಧ್ವನಿ ಎಂಬ ಎರಡು ಒರೆಗಲ್ಲುಗಳು ಚಿತ್ರಕ್ಕೂ ಸಲ್ಲುತ್ತವೆ. ಇರಬೇಕಾದುದು ಇರಬೇಕಾದ ಎಡೆಯಲ್ಲಿರುವುದು ಔಚಿತ್ಯ. ಬಾಯಿಬಿಟ್ಟು ಹೇಳದೆಯೇ ಹೃದಯಕ್ಕೆ ತಿಳಿಯಿಸುವುದು ಧ್ವನಿ.

ನಮ್ಮ ಸೀಮೆಯಲ್ಲಿ ಕನ್ನಡ ತೆಲುಗುಗಳೆರಡೂ ಮನೆಮಾತು. ಆದುದರಿಂದ ಮೊದಲು 1957ರ ತೆಲುಗು "ಮಾಯಾಬಜಾರ್". ಈ ಶಶಿರೇಖೆಯ ಕಥೆ ವ್ಯಾಸಭಾರತದಲ್ಲಿಲ್ಲ. ಪಾಂಡವರ ಮನೆಯ ಮದುವೆಯ ಪ್ರಸಂಗವಾದರೂ ಪಾಂಡವರೈವರಲ್ಲಿ ಒಬ್ಬನೂ ತೆರೆಯ ಮೇಲೆ ಬರುವುದಿಲ್ಲ. ಆದರೂ ನೋಡುವವನಿಗೆ ಕೊರತೆ ತೋರುವುದಿಲ್ಲ. ರಂಗರಾಯರ ಘಟೋತ್ಕಚನನ್ನು ಕಂಡು ನಗದ ಮಕ್ಕಳಿಲ್ಲ. ಇದು ಯಾವ ಮನೆಗಾದರೂ ಸಲ್ಲುವ ಚಿತ್ರ.

ಜಿ. ವಿ. ಅಯ್ಯರ್ ಅವರ "ಆದಿ ಶಂಕರಾಚಾರ್ಯ" (1983) ಸಂಸ್ಕೃತ ಭಾಷೆಯ ಮೊದಲನೆಯ ಚಲಚ್ಚಿತ್ರ, ಸ್ವರ್ಣಕಮಲವನ್ನು ಪಡೆದುದು. ಮೃತ್ಯುವೂ ಪ್ರಜ್ಞೆಯೂ ಇಬ್ಬರು ಸಂಗಾತಿಗಳ ರೂಪದಿಂದ ಆಚಾರ್ಯರೊಡನೆ ನಡೆಯುವ ಕಲ್ಪನೆ ಬಹಳ ಸೊಗಸಾದುದು. ಜೀವಮಾನವೆಲ್ಲ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ನಮಗೆ ಆ ಭಾಷೆಯನ್ನು ಆಡುಮಾತಾಗಿ ಕೇಳುವುದೇ ಒಂದು ಹಬ್ಬ. ಆದರೆ ಚಿತ್ರದ ನಡೆ ಬಹಳ ನಿಧಾನ. ಹಿರಿಯರು ಪಕ್ಕದಲ್ಲಿ ಕುಳಿತು ಬಿಡಿಸಿ ಹೇಳದಿದ್ದರೆ ಮಕ್ಕಳು ಅರ್ಧದಲ್ಲಿಯೇ ಎದ್ದುಹೋದಾರು.

ಇನ್ನು ಮನೆಯಲ್ಲಿ ತೋರಿಸಬೇಕೆ ಬಾರದೆ ಎಂದು ಚರ್ಚೆಗೆ ಬರುವ ಚಿತ್ರವೆಂದರೆ ಗಿರೀಶ ಕಾಸರವಳ್ಳಿಯವರ "ಘಟಶ್ರಾದ್ಧ" (1977). ಇದು ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದುದು. ಇದೂ ಸ್ವರ್ಣಕಮಲವನ್ನು ಪಡೆದುದೇ. ಅಗ್ರಹಾರದಲ್ಲಿ ವೇದಪಾಠಶಾಲೆಯನ್ನು ನಡೆಸುವ ಉಡುಪರ ಮಗಳು ಯಮುನಕ್ಕ ಬಾಲವಿಧವೆ. ಅವಳು ಗರ್ಭವತಿಯಾಗುತ್ತಾಳೆ, ಕಾರಣನಾದವನು ಕೈಬಿಡುತ್ತಾನೆ. ತಂದೆಯು ಬದುಕಿರುವ ಮಗಳಿಗೆ ಗಡಿಗೆಯನ್ನೊಡೆದು ಶ್ರಾದ್ಧಮಾಡಿ ಹೊರಹಾಕುತ್ತಾನೆ. ಆ ತಂದೆಯೇ ಬಳಿಕ ಎಳೆಯ ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಡುತ್ತಾನೆ. ಅದಕ್ಕೆ ಊರಿನ ಆಕ್ಷೇಪಣೆಯಿಲ್ಲ. ಇದೆಲ್ಲವನ್ನೂ ಪಾಠಕ್ಕೆಂದು ಬಂದ ನಾಣಿ ಎಂಬ ಪುಟ್ಟ ಹುಡುಗನ ಕಣ್ಣಿನಿಂದ ನಾವು ಕಾಣುತ್ತೇವೆ. ಚಿತ್ರದಲ್ಲಿ ಉಪದೇಶದ ಮಾತೊಂದೂ ಇಲ್ಲ. ಹುಡುಗನ ಮೌನವೇ ಧ್ವನಿ.

"ನಮ್ಮವರ ಹುಳುಕನ್ನು ಲೋಕಕ್ಕೆ ತೋರಿಸುವುದೇಕೆ?" ಎಂದು ಕೆಲವು ಹಿರಿಯರು ಕೇಳುತ್ತಾರೆ. ಅವರಿಗೆ ನಾವು ಶಾಸ್ತ್ರವನ್ನೇ ಮುಂದಿಡುತ್ತೇವೆ. ಪತಿತನಾದವನ ಹೆಸರಿನಲ್ಲಿ ಗಡಿಗೆಯನ್ನುರುಳಿಸುವ ವಿಧಿ ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯದಲ್ಲಿದೆ, ನಿಜ. ಆದರೆ ಅದೇ ಎಡೆಯಲ್ಲಿ, ಪ್ರಾಯಶ್ಚಿತ್ತವಾದ ಮೇಲೆ ಬಂಧುಗಳು ಅವನೊಡನೆ ಸ್ನಾನಮಾಡಿ, ಹೊಸ ಗಡಿಗೆಯನ್ನು ನೀರಿನಲ್ಲಿಟ್ಟು ಮರಳಿ ಸೇರಿಸಿಕೊಳ್ಳುವ ವಿಧಿಯೂ ಇದೆ. ಪತಿತಳಾದ ಹೆಂಗಸಿಗಂತೂ ಅನ್ನ ವಸ್ತ್ರಗಳನ್ನು ಕೊಟ್ಟು ಮನೆಯ ಸಮೀಪದಲ್ಲಿಯೇ ಇರಗೊಡಬೇಕೆಂದಿದೆ. ಹೊರಹಾಕುವ ಗಡಿಗೆಯನ್ನು ನೆನಪಿನಲ್ಲಿಟ್ಟು, ಒಳಕರೆಯುವ ಗಡಿಗೆಯನ್ನು ಮರೆತವರು ನಾವೇ. ಶಾಸ್ತ್ರವನ್ನು ಬಲ್ಲೆವೆನ್ನುವ ಮನೆಗಳಲ್ಲಿಯೇ ಈ ಚಿತ್ರವನ್ನು ಮೊದಲು ನೋಡಬೇಕು. ತೀರ ಚಿಕ್ಕ ಮಕ್ಕಳಿಗೆ ಇದು ಬೇಡ. ಪ್ರಾಯಕ್ಕೆ ಬಂದ ಗಂಡುಮಕ್ಕಳು ಅವಶ್ಯವಾಗಿ ನೋಡಬೇಕು.

ಹೊಸ ಚಿತ್ರಗಳಲ್ಲಿ "ಕೆ. ಜಿ. ಎಫ್." (2018) ದೇಶಾದ್ಯಂತ ಓಡಿತು. 2007ರವರೆಗೆ ಕೋಲಾರ ಜಿಲ್ಲೆಗೇ ಸೇರಿದ್ದ ನಮಗೆ ಆ ಗಣಿ ದೂರದ ಹೆಸರಲ್ಲ. ಮೂರು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಬೇಯುವ ಸೆಖೆಯಲ್ಲಿ ತಲೆತಲಾಂತರದಿಂದ ದುಡಿದವರು, 2001ರಲ್ಲಿ ಗಣಿ ಮುಚ್ಚಿದಾಗ ಕೆಲಸವನ್ನು ಕಳೆದುಕೊಂಡವರು, ಇವರ ಬಾಳು ಆ ಚಿತ್ರದಲ್ಲಿಲ್ಲ. ಅಲ್ಲಿರುವುದು ಕೊಡಲಿ, ಬಂದೂಕು, ಗರ್ಜನೆ. ಶಬ್ದವು ಬಹಳ, ಧ್ವನಿಯು ಅಲ್ಪ.

"ಕಾಂತಾರ" (2022) ಹಾಗಲ್ಲ. ಕರಾವಳಿಯ ಭೂತಕೋಲವನ್ನು ಅದು ಭಯಭಕ್ತಿಗಳಿಂದ ತೋರಿಸುತ್ತದೆ. ಕೊನೆಯ ಭಾಗದಲ್ಲಿ ರಿಷಬ್ ಶೆಟ್ಟಿಯವರ ಅಭಿನಯವು ರೋಮಾಂಚಕರ. ಆದರೆ ನಾಯಕನು ತಾನೊಲಿದ ಹುಡುಗಿಯನ್ನು ಕೆಣಕುವ ರೀತಿ ಔಚಿತ್ಯಕ್ಕೆ ಭಂಗ. ಬೆಳೆಯುವ ಹುಡುಗರು ಅದನ್ನೇ ಪ್ರೇಮವೆಂದು ತಿಳಿದಾರು. ಆ ಎಡೆಯಲ್ಲಿ ತಂದೆತಾಯಿಗಳು ಸುಮ್ಮನಿರದೆ ಒಂದು ಮಾತು ಹೇಳುವುದು ಲೇಸು.

ಇದೇ ನಿರ್ದೇಶಕರ "ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ" (2018) ಉಪಾಧ್ಯಾಯರ ಮನಸ್ಸಿಗೆ ಹತ್ತಿರವಾದುದು. ಗಡಿನಾಡಿನ ಕನ್ನಡ ಶಾಲೆಯೊಂದು ಮುಚ್ಚಿಹೋಗುವುದರಲ್ಲಿದೆ. ಮಕ್ಕಳು ಅದಕ್ಕಾಗಿ ಹೋರಾಡುತ್ತಾರೆ. ಕೊನೆಯ ಭಾಷಣವು ಸ್ವಲ್ಪ ದೀರ್ಘವಾಯಿತು. ಆದರೂ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂದು ಬೆಳೆಯುವ ನಮ್ಮ ಸೀಮೆಯ ಮಕ್ಕಳಿಗೆ ಕಾಸರಗೋಡಿನ ಮಕ್ಕಳು ಒಡಹುಟ್ಟಿದವರಂತೆ ತೋರುವುದರಲ್ಲಿ ಆಶ್ಚರ್ಯವಿಲ್ಲ.

ಹೊಸದರಲ್ಲಿ ನಮ್ಮ ಮನಸ್ಸನ್ನು ಪೂರ್ಣವಾಗಿ ಗೆದ್ದುದು ರಾಮ್ ರೆಡ್ಡಿಯವರ "ತಿಥಿ". 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪುರಸ್ಕಾರವನ್ನು ಪಡೆದ ಈ ಚಿತ್ರದಲ್ಲಿ ನಟಿಸಿದವರು ಮಂಡ್ಯದ ಸೀಮೆಯ ಹಳ್ಳಿಗರು. ನೂರು ವರ್ಷ ಬಾಳಿದ ಅಜ್ಜನು ತೀರಿಕೊಳ್ಳುತ್ತಾನೆ. ತಿಥಿಯೊಳಗೆ ಜಮೀನನ್ನು ಮಾರಬೇಕೆಂದು ಮೊಮ್ಮಗನು ಬದುಕಿರುವ ತನ್ನ ತಂದೆಯನ್ನೇ ಸತ್ತವನೆಂದು ಕಾಗದದಲ್ಲಿ ಬರೆಯಿಸಲು ಹೊರಡುತ್ತಾನೆ. ನಾವು ಹೊಟ್ಟೆತುಂಬ ನಕ್ಕೆವು, ಬಳಿಕ ಸುಮ್ಮನಾದೆವು. ಅಲ್ಲಿ ಮಗಳಿಗೆ ಗಡಿಗೆ, ಇಲ್ಲಿ ತಂದೆಗೆ ಕಾಗದ: ಜೀವಂತರನ್ನು ಮೃತರೆನ್ನುವ ರೂಢಿ ನಮ್ಮನ್ನು ಬಿಟ್ಟಿಲ್ಲ.

ಇದರಿಂದ ಗೃಹಸ್ಥನು ತಿಳಿಯತಕ್ಕದ್ದೇನು? ಚಿತ್ರದ ವಯಸ್ಸನ್ನು ಕೇಳಬೇಡಿರಿ. ಮುಗಿದ ಮೇಲೆ ಮನೆಯವರು ಏನು ಮಾತನಾಡಿದರೆಂಬುದನ್ನು ಕೇಳಿರಿ. ಯಾವ ಚಿತ್ರವು ನಮ್ಮ ನಡತೆಯನ್ನೇ ನಾವು ವಿಚಾರಿಸುವಂತೆ ಮಾಡುವುದೋ ಅದು ಮನೆಗೆ ಯೋಗ್ಯವಾದುದು. ಮೊಬೈಲನ್ನು ಹಿಡಿದು ಒಬ್ಬೊಬ್ಬರೂ ಒಂದೊಂದು ಮೂಲೆಯನ್ನು ಸೇರಿದರೆ ಆ ಮಾತು ಹುಟ್ಟಲಾರದು. ವಾರಕ್ಕೊಂದು ಚಿತ್ರ ಸಾಕು. ಎಲ್ಲರೂ ಒಟ್ಟಿಗೆ ಕುಳಿತು ನೋಡಿ, ಊಟಕ್ಕೆ ಎಲೆ ಹಾಕಿದಾಗ ಅದರ ಗುಣದೋಷಗಳನ್ನು ಮಾತನಾಡಿಕೊಳ್ಳಿರಿ. ಮಕ್ಕಳ ಅಭಿಪ್ರಾಯವನ್ನು ಮೊದಲು ಕೇಳಿರಿ.